ಮೂರು ವರ್ಷದ ಅನುಭವ

ಫೆಬ್ರವರಿ 4, ಭಾನುವಾರ

ಮಾವ,

ನೀವು ಸತ್ತವನ ಅರ್ಜಿಯನ್ನು ಇನ್ನೂ ಮಾರುತ್ತಿದ್ದೀರಿ. ಇದು ತಪ್ಪು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ನನಗೆ ಕೆಲಸ ಸಿಕ್ಕಿರುವುದು ನಿಮಗೆ ಗೊತ್ತಿರಲಾರದು. ಮೂರು ತಿಂಗಳಿಂದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತೆ ಆಗಿದ್ದೇನೆ. ನನ್ನ ಅರ್ಜಿಯನ್ನು ನಾನೇ ಬರೆದುಕೊಂಡೆ. ಕೆಲಸ ಕೇಳಿ ಬರುವ ಲಕೋಟೆಗಳನ್ನು ಒಡೆದು ಹೆಸರು, ವಯಸ್ಸು, ಅನುಭವ ಎಂದು ಪಟ್ಟಿ ಮಾಡಿ ಸಾಹೇಬರ ಮೇಜಿನ ಮೇಲೆ ಇಡುವುದು ನನ್ನ ಪಾಲಿನ ಕೆಲಸ. ಹೋದ ಮಂಗಳವಾರ ಬಾಯ್ಲರ್ ಸಹಾಯಕನ ಜಾಗಕ್ಕೆ ಒಂದು ಅರ್ಜಿ ಬಂತು. ‘ಬಾಯ್ಲರ್ ವಿಭಾಗದಲ್ಲಿ ಮೂರು ವರ್ಷದ ಅನುಭವ. ಕಲಿಯಲು ಹಿಂಜರಿಯುವವನಲ್ಲ. ಹವ್ಯಾಸ: ಬೆಂಕಿಪೊಟ್ಟಣದ ಚಿತ್ರಗಳ ಸಂಗ್ರಹ.’ ಮೇಲೆ ಯಾರದೋ ಹೆಸರು, ಕೆಳಗೆ ಯಾರದೋ ಸಹಿ. ನಡುವೆ ಅಣ್ಣ.

ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಇನ್ನೊಬ್ಬ ಪುಣ್ಯಾತ್ಮ ಇದ್ದಾನೆ ಎಂದುಕೊಂಡೆ. ಶುಕ್ರವಾರ ಎರಡನೆಯದು ಬಂತು. ಅದೇ ಮೂರು ವರ್ಷ, ಅದೇ ಬೆಂಕಿಪೊಟ್ಟಣ. ಕಾಗದದ ಕೆಳಮೂಲೆಯಲ್ಲಿ ಅರ್ಜಿ ಬರೆದುಕೊಡುವ ನಿಮ್ಮ ಅಂಗಡಿಯ ಪ್ರಿಂಟರ್ ಎಳೆಯುವ ಬೂದು ಗೆರೆ. ಎರಡೂ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಅಣ್ಣ ಸತ್ತು ನಾಲ್ಕು ವರ್ಷವಾಯಿತು ಮಾವ. ಈಗ ಒಂದೇ ವಾರದಲ್ಲಿ ಎರಡು ಸಲ ನನ್ನ ಮೇಜಿಗೆ ಬಂದು ಕೆಲಸ ಕೇಳಿದ್ದಾನೆ.

ನೀವು ಅಣ್ಣನಿಗೆ ಬರೆದುಕೊಟ್ಟ ಆ ಅರ್ಜಿ ನನಗೆ ಬಾಯಿಪಾಠ. ಅದರ ಪ್ರತಿ ವಿಚಾರಣೆಯ ಕಡತದಲ್ಲಿದೆ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದದ್ದು ಅಣ್ಣ ಸೇರಿದ ಹನ್ನೊಂದನೆಯ ದಿನ. ವರದಿಯಲ್ಲಿ ಏನು ಬರೆದರು? ‘ಮೃತನು ಸುಳ್ಳು ಅನುಭವ ತೋರಿಸಿ ಕೆಲಸಕ್ಕೆ ಸೇರಿದ್ದು, ಅಪಘಾತಕ್ಕೆ ಅವನೇ ಹೊಣೆ.’ ನೀವು ಸಾಕ್ಷಿಯಾಗಿ ಏನು ಹೇಳಿದಿರಿ? ‘ಅವನು ಹೇಳಿದ್ದನ್ನು ನಾನು ಟೈಪ್ ಮಾಡಿದೆ.’ ಅಮ್ಮ ಅಂದಿನಿಂದ ನಿಮ್ಮ ಹೊಸಿಲು ತುಳಿದಿಲ್ಲ. ಮರುವಿಚಾರಣೆಗೆ ನಾಲ್ಕು ಸಲ ಮನವಿ ಕೊಟ್ಟಿದ್ದಾಳೆ.

ನನ್ನ ಪ್ರಶ್ನೆ ಒಂದೇ. ‘ಮೂರು ವರ್ಷ’ ಎಂಬ ಮಾತು ಅಣ್ಣನ ಬಾಯಿಂದ ಬಂತೇ?

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಕೆಮ್ಮಿ ಮಾತು ತೇಲಿಸುತ್ತೀರಿ. ಕಾಗದದಲ್ಲಿ ಕೆಮ್ಮಲು ಬರುವುದಿಲ್ಲ.

ನಿಮ್ಮ ಅಕ್ಕನ ಮಗಳು

*

ಫೆಬ್ರವರಿ 13

ಸದಾ ನ್ಯಾಯ ಅನ್ಯಾಯ ಎನ್ನುವ ನಮ್ಮ ಮನೆಯ ಕರಪತ್ರಕ್ಕೆ ಮಾವನ ಆಶೀರ್ವಾದ.

ನಾಲ್ಕು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಬೈಗುಳವಾದರೂ ಅಕ್ಷರ ದುಂಡಗಿದೆ. ಕೆಲಸ ಸಿಕ್ಕಿದ್ದು ಕೇಳಿ ಹೊಟ್ಟೆ ತಣ್ಣಗಾಯಿತು.

ನೀನು ವಾಚನಾಲಯದ ಮೂಲೆಯಲ್ಲಿ ಕೂತು ಓದುವ ಪುಸ್ತಿಕೆಗಳಲ್ಲಿ ನನ್ನ ಅಂಗಡಿಯ ಸಂಗತಿ ಇರುವುದಿಲ್ಲ. ಉದ್ಯೋಗ ಕಚೇರಿಯ ಎದುರು, ಎರಡು ಮೇಜು ಹಿಡಿಯದ ಜಾಗ. ಬರುವವರ ಅಂಗೈ ಬೆವರಿರುತ್ತದೆ. ಕಾಗದ ಮುಟ್ಟುವ ಮೊದಲು ಒರೆಸಿಕೊಳ್ಳಲು ಬಟ್ಟೆ ಇಟ್ಟಿದ್ದೇನೆ. ‘ಏನು ಕೆಲಸ ಬರುತ್ತೆ?’ ಎಂದರೆ ‘ಏನಾದ್ರೂ ಮಾಡ್ತೀನಿ ಸಾರ್’ ಎನ್ನುತ್ತಾರೆ. ಏನಾದರೂ ಎನ್ನುವುದನ್ನು ಅರ್ಜಿಯಲ್ಲಿ ಬರೆಯಲು ಆಗುತ್ತದೆಯೇ? ನಿನ್ನ ಸಾಹೇಬರಂಥವರು ಒಂದು ಅರ್ಜಿಯ ಮೇಲೆ ಕಣ್ಣಾಡಿಸುವುದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರಲ್ಲಿ ಕಣ್ಣು ನಿಲ್ಲಬೇಕು. ಅದಕ್ಕೆ ಒಂದೇ ಪುಟ ಸಾಕು ಎನ್ನುತ್ತೇನೆ, ಅನುಭವ ಮೇಲೆ ಬರಲಿ, ಓದು ಕೆಳಗಿರಲಿ ಎನ್ನುತ್ತೇನೆ. ಸಂದರ್ಶನಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಕಚ್ಚಿದರೆ ಗಮನವೆಲ್ಲ ಕಾಲಿನ ಮೇಲಿರುತ್ತದೆ. ಕೂರು ಎಂದ ಮೇಲೆ ಕೂರಿ, ಆದರೆ ಕುರ್ಚಿಯ ತುದಿಯಲ್ಲಲ್ಲ. ಹಿಂದಿನ ಯಜಮಾನನನ್ನು ಬೈಯಬೇಡಿ. ಏನು ಕೇಳಿದರೂ ಗೊತ್ತಿಲ್ಲ ಎನ್ನಬೇಡಿ. ಇಷ್ಟು ಹೇಳಿ ಕಳಿಸುತ್ತೇನೆ. ಎಷ್ಟೋ ಜನರ ಮನೆಯಲ್ಲಿ ಇದರಿಂದ ಒಲೆ ಉರಿಯುತ್ತಿದೆ.

ಒಂದು ಮಾದರಿ ಇಟ್ಟುಕೊಂಡು ಹೆಸರು ಬದಲಿಸುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಬೆಂಕಿಪೊಟ್ಟಣದ ಸಾಲು ಉಳಿದದ್ದು ನನ್ನ ಅಜಾಗರೂಕತೆ. ನೋಡಿಕೊಳ್ಳುತ್ತೇನೆ.

ಸಾಹೇಬರ ಮುಂದೆ ಕರಪತ್ರ ಓದಬೇಡ. ಮೊದಲ ಆರು ತಿಂಗಳು ಕಿವಿ ತೆರೆದು ಬಾಯಿ ಮುಚ್ಚಿಕೊಂಡಿರುವವರು ನಿಲ್ಲುತ್ತಾರೆ. ಅಕ್ಕನ ಮಂಡಿ ನೋವು ಹೇಗಿದೆ?

ಮಾವ

*

ಮಾರ್ಚ್ 2

ಮಾವ,

ಎರಡು ಪುಟ ಬರೆದಿರಿ. ನಾನು ಕೇಳಿದ್ದಕ್ಕೆ ಉತ್ತರ ಅದರಲ್ಲಿಲ್ಲ. ಕಾಗದದಲ್ಲೂ ಕೆಮ್ಮಲು ಬರುತ್ತದೆ ಎಂದು ತೋರಿಸಿದಿರಿ.

ನಿನ್ನೆ ಸಂದರ್ಶನವಿತ್ತು. ನಾನು ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳಬೇಕಿತ್ತು. ಇಬ್ಬರು ಬಂದರು, ಇಬ್ಬರೂ ನಿಮ್ಮ ಗಿರಾಕಿಗಳು. ಇಬ್ಬರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತರು. ಸಾಹೇಬರು ಮೊದಲನೆಯವನನ್ನು ಬೆಂಕಿಪೊಟ್ಟಣದ ಚಿತ್ರ ಎಷ್ಟಿವೆ ಎಂದು ಕೇಳಿದರು. ಅವನು ಮಿಕಮಿಕ ನೋಡಿ, ‘ಮನೇಲಿ ಒಂದೇ ಇರೋದು ಸಾರ್, ಒಲೆ ಪಕ್ಕ’ ಎಂದ. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಗಬೇಕಾಗಿತ್ತು. ಅಣ್ಣ ಬೀದಿಯಲ್ಲಿ ಬಗ್ಗಿ ಬಗ್ಗಿ ಆರಿಸಿದ ಮುನ್ನೂರ ಹನ್ನೆರಡು ಚಿತ್ರಗಳು ಅಮ್ಮನ ಮಂಚದ ಕೆಳಗೆ ತಗಡಿನ ಡಬ್ಬಿಯಲ್ಲಿವೆ.

ಎರಡನೆಯವನು ಅಣ್ಣನ ವಯಸ್ಸಿನವನು. ಮಾತಾಡುವಾಗ ಅಣ್ಣನಂತೆಯೇ ಅಂಗಿಯ ತೋಳು ಜಗ್ಗಿಕೊಳ್ಳುತ್ತಿದ್ದ. ಸಾಹೇಬರು ಕೇಳಿದರು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಕಾಣದೆ ಹೋದರೆ ಏನು ಮಾಡುತ್ತೀಯ ಎಂದು.

‘ತಕ್ಷಣ ನೀರು ಬಿಡ್ತೀನಿ ಸಾರ್.’

ಅಣ್ಣ ಮಾಡಿದ್ದೂ ಅದನ್ನೇ. ಯಾರಿಗಾದರೂ ಹಾಗೇ ಹೊಳೆಯುತ್ತದೆ, ಬರಿದಾಗಿದ್ದರೆ ತುಂಬಿಸೋಣ ಎಂದು. ಅಣ್ಣ ಸತ್ತ ಮೇಲೆ ನಾನು ಸುರಕ್ಷತೆಯ ಪುಸ್ತಿಕೆಗಳನ್ನೆಲ್ಲ ತಂದು ಓದಿದೆ. ಕೊಳವೆ ಬರಿದಾಗಿದ್ದರೆ ಒಳಗಿನ ಕಬ್ಬಿಣ ಆಗಲೇ ಕೆಂಪಗೆ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಸಿಡಿಯುತ್ತದೆ. ಮೊದಲು ಬೆಂಕಿ ಆರಿಸಬೇಕು. ನೀರು ಮುಟ್ಟಲೇಬಾರದು. ಎಲ್ಲರನ್ನೂ ಹೊರಗೆ ಕಳಿಸಬೇಕು. ಬಾಯ್ಲರ್ ಬಳಿ ಮೂರು ತಿಂಗಳು ಇದ್ದವನಿಗೂ ಇದು ಗೊತ್ತಿರುತ್ತದೆ.

ಸಾಹೇಬರು ‘ಚುರುಕಾಗಿದ್ದಾನೆ’ ಎಂದು ಗುರುತು ಹಾಕಿದರು. ಆ ಉತ್ತರವನ್ನು ನಾನು ನನ್ನ ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ಆಮೇಲೆ ಸಾಹೇಬರೊಬ್ಬರೇ ಇದ್ದಾಗ, ಎರಡೂ ಅರ್ಜಿಯಲ್ಲಿ ಅನುಭವದ ಸಾಲು ಒಂದೇ ಇದೆ, ಇದು ಸುಳ್ಳು ಎಂದು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಪ್ರಮಾಣಪತ್ರವಿರುವ ಮೇಸ್ತ್ರಿ ಒಬ್ಬರೇ ಇರುವುದು, ಅವರಿಲ್ಲದ ಪಾಳಿಗೂ ಅಂಥವರನ್ನೇ ಇಡುವುದು ಆಗದ ಮಾತು ಎಂದರು. ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದರು: ‘ಸುಳ್ಳೋ ನಿಜವೋ, ಬರೆದು ಸಹಿ ಹಾಕಿದ್ದಾನಲ್ಲಮ್ಮ. ನಾಳೆ ಏನಾದ್ರೂ ಆದ್ರೆ ನಮಗೆ ಬೇಕಾಗಿರೋದು ಆ ಸಹಿ.’

ಕೇಳಿಸಿತೇ ಮಾವ? ನೀವು ಬರೆದುಕೊಡುವುದು ಕೆಲಸದ ಅರ್ಜಿಯಲ್ಲ. ಸತ್ತ ಮೇಲೆ ಬೇಕಾಗುವ ತಪ್ಪೊಪ್ಪಿಗೆಯನ್ನು ಬದುಕಿರುವಾಗಲೇ ಬರೆದುಕೊಡುತ್ತಿದ್ದೀರಿ.

ಅಣ್ಣನ ಬಾಯಿಂದ ಆ ಮಾತು ಬಂತೇ?

ನಿಮ್ಮ ಅಕ್ಕನ ಮಗಳು

*

ಏಪ್ರಿಲ್ 9

ಮಗಳೇ,

ಐದು ವಾರ ಮೇಜಿನ ಖಾನೆಯಲ್ಲಿ ನಿನ್ನ ಕಾಗದ ಇಟ್ಟುಕೊಂಡಿದ್ದೆ. ಊರವರಿಗೆಲ್ಲ ಕಾಗದ ಬರೆದುಕೊಡುವವನು ನಾನು. ನನ್ನದೇ ಕಾಗದಕ್ಕೆ ಕೂತರೆ ಬೆರಳು ಬರುವುದಿಲ್ಲ.

ಬೆಂಕಿಪೊಟ್ಟಣದ ಸಾಲು ಅಜಾಗರೂಕತೆ ಎಂದಿದ್ದೆ. ಅದು ಸುಳ್ಳು. ನಾನು ಬೇಕೆಂದೇ ಬಿಟ್ಟಿದ್ದೇನೆ.

ಕಂಪ್ಯೂಟರಿನಲ್ಲಿರುವ ಮಾದರಿ ಅವನದೇ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಅದನ್ನು ತೆರೆದರೆ ಮೇಲೆ ಅವನ ಹೆಸರು ಇರುತ್ತದೆ. ಗಿರಾಕಿ ಬಂದ ಮೇಲೆ ಒಂದೊಂದೇ ಅಕ್ಷರ ಅಳಿಸುತ್ತೇನೆ. ಆ ಜಾಗದಲ್ಲಿ ಗಿರಾಕಿಯ ಹೆಸರು ಹೊಡೆದು, ಅಚ್ಚು ತೆಗೆದು, ಉಳಿಸದೆ ಮುಚ್ಚುತ್ತೇನೆ. ಮತ್ತೆ ತೆರೆದರೆ ಅವನು ಅಲ್ಲೇ ಇರುತ್ತಾನೆ. ವಯಸ್ಸು ಇಪ್ಪತ್ಮೂರು. ದಿನಕ್ಕೆ ಆರೇಳು ಸಲ ಅವನನ್ನು ಅಳಿಸುತ್ತೇನೆ, ಆರೇಳು ಸಲ ಅವನು ಬರುತ್ತಾನೆ. ಹೊಸ ಮಾದರಿ ಮಾಡಲು ಹತ್ತು ನಿಮಿಷ ಸಾಕು. ಮಾಡಲಿಲ್ಲ. ಹೆಸರು ಹೋಗಲೇಬೇಕು, ವಿಳಾಸ ಹೋಗಲೇಬೇಕು. ಆ ಒಂದು ಸಾಲಾದರೂ ಇವನ ಜೊತೆ, ಅವನ ಜೊತೆ ಹೋಗಿ ಎಲ್ಲಾದರೂ ಕೆಲಸಕ್ಕೆ ಸೇರಲಿ ಎಂದು ಬಿಟ್ಟೆ. ಹುಚ್ಚು ಎನ್ನು.

ಈಗೀಗ ಅಂಗಡಿಯ ಸ್ಟೂಲಿನ ಮೇಲೆ ಯಾರು ಕೂತರೂ ಮುಖ ನೋಡಲು ಹೆದರಿಕೆ. ಪರದೆ ನೋಡಿಕೊಂಡೇ ಮಾತಾಡುತ್ತೇನೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀರು ಬಿಡುತ್ತೇನೆ ಎಂದು ಅವನು ಹೇಳಿದಾಗ ನೀನು ಆ ಕೋಣೆಯಲ್ಲಿದ್ದೆ. ತಪ್ಪು ಎಂದು ಅಲ್ಲೇ ಹೇಳಿದೆಯಾ? ಇಲ್ಲ. ಪೆನ್ನು ಹಿಡಿದು ಬರೆದುಕೊಂಡೆ. ಯಾಕೆ ಎಂದು ನನಗೆ ಗೊತ್ತು. ಕೆಲಸ ಬೇಕಾಗಿತ್ತು. ನನಗೂ ಬೇಕಾಗಿತ್ತು.

ಉತ್ತರ ಕೇಳಬೇಡ.

ಮಾವ

*

ಏಪ್ರಿಲ್ 21, ಭಾನುವಾರ

ಮಾವ,

ನೀವು ಬರೆದದ್ದು ನಿಜ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಓದಿದ ದಿನ ಕಾಗದ ಹರಿದೆ, ಮಾರನೆಯ ದಿನ ಚೂರುಗಳನ್ನು ಅಂಟಿಸಿದೆ. ಅನ್ಯಾಯದ ಬಗ್ಗೆ ಅಷ್ಟು ಪುಸ್ತಿಕೆ ಓದಿದವಳು ಅನ್ಯಾಯ ಎದುರಿಗೆ ಕೂತಾಗ ಟಿಪ್ಪಣಿ ಬರೆದುಕೊಂಡಳು. ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಆ ಎರಡನೆಯವನಿಗೇ ಕೆಲಸ ಸಿಕ್ಕಿತು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಹೊಸಬ ಎನ್ನುತ್ತಾರೆ. ಹೋದ ಸೋಮವಾರದಿಂದ ಮಧ್ಯಾಹ್ನದ ಪಾಳಿ, ಮೇಸ್ತ್ರಿ ಮನೆಗೆ ಹೋದ ಮೇಲೆ ಬಾಯ್ಲರ್ ಇವನ ಕೈಗೆ. ಬುಧವಾರ ಊಟದ ಹೊತ್ತಿಗೆ ಗೋಡೌನಿನ ಪಕ್ಕದ ಬೆಂಚಿನ ಮೇಲೆ ಅವನನ್ನು ಹಿಡಿದು ಕೂರಿಸಿದೆ. ಅವನಿಗೆ ಮೊದಲು ಹೊಳೆದದ್ದು ನಾನು ಅವನ ಕೆಲಸ ತೆಗೆಸಲು ಬಂದಿದ್ದೇನೆ ಎಂದು. ತುತ್ತು ಕೈಯಲ್ಲೇ ಉಳಿಯಿತು.

‘ಅಕ್ಕ, ಯಾರಿಗೂ ಹೇಳಬೇಡಿ. ನನ್ನ ಹೆಂಡತಿಗೆ ಏಳು ತಿಂಗಳು.’

ಹೇಳುವುದಿಲ್ಲ, ಆದರೆ ನನ್ನ ಜೊತೆ ಪಾಠಕ್ಕೆ ಕೂರಬೇಕು ಎಂದೆ. ದಿನವೂ ಇಪ್ಪತ್ತು ನಿಮಿಷ. ಪುಸ್ತಿಕೆಯ ಚಿತ್ರ ತೋರಿಸಿ, ಯಾವ ಚಕ್ರ ಯಾವುದಕ್ಕೆ, ಯಾವ ಸದ್ದಿಗೆ ಏನು ಅರ್ಥ ಎಂದು ಕೇಳುತ್ತೇನೆ. ಪಾಠ ಮುಗಿಯುವಾಗ ಅದೇ ಕೊಳವೆಯ ಪ್ರಶ್ನೆ. ಮೂರು ದಿನ ತಪ್ಪು ಉತ್ತರವೇ ಬಂತು, ನಾಲಿಗೆ ತಾನೇ ತಾನಾಗಿ ‘ನೀರು’ ಎನ್ನುತ್ತದೆ. ನಾಲ್ಕನೆಯ ದಿನ ‘ಬೆಂಕಿ ಆರಿಸ್ತೀನಿ, ಓಡಿ ಅಂತೀನಿ’ ಎಂದ. ಬಾಯ್ಲರನ್ನು ಕಣ್ಣಾರೆ ನೋಡಿರದ ಗುಮಾಸ್ತೆ ಮೇಡಂ ಬಾಯ್ಲರ್ ಮೇಸ್ತ್ರಿ ಆದರಲ್ಲ ಎಂದು ಗೋಡೌನಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಮ್ಮೊಮ್ಮೆ ಅವನು ತೋಳು ಜಗ್ಗಿಕೊಂಡಾಗ ಅಣ್ಣನಿಗೇ ಹೇಳಿಕೊಡುತ್ತಿದ್ದೇನೆ ಎನ್ನಿಸಿ, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತೇನೆ. ‘ಏನಾಯ್ತಕ್ಕ?’ ಎನ್ನುತ್ತಾನೆ. ಏನಿಲ್ಲ ಎನ್ನುತ್ತೇನೆ.

ಆದರೆ ಇದರಿಂದ ಉಳಿಯುವುದು ಒಬ್ಬ. ನೀವು ದಿನಕ್ಕೆ ಆರೇಳು ಜನರನ್ನು ಕಳಿಸುತ್ತೀರಿ.

ಇನ್ನೊಂದು ವಿಷಯ. ಅಮ್ಮನ ಮನವಿಗೆ ಉತ್ತರ ಬಂದಿದೆ. ಜೂನ್ ಇಪ್ಪತ್ತರಂದು ಕಾರ್ಖಾನೆಗಳ ತಪಾಸಣಾ ಕಚೇರಿಯಲ್ಲಿ ಮರುವಿಚಾರಣೆ. ಹೊಸ ಸಾಕ್ಷಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ. ಅಣ್ಣ ಸುಳ್ಳುಗಾರನಾಗಿಯೇ ಉಳಿಯುತ್ತಾನೆ. ಆ ಕಾಗದ ಹಿಡಿದು ಅಮ್ಮ ನನ್ನ ಮುಖ ನೋಡಿದಳು. ‘ಅವನು ಚಿಕ್ಕವನಿದ್ದಾಗ ಸಕ್ಕರೆ ಕದ್ದರೂ ಬಂದು ಹೇಳ್ತಿದ್ದ’ ಎಂದಳು. ಅಷ್ಟೇ.

ಆ ಸಾಲು ಹುಟ್ಟಿದಾಗ ಅಂಗಡಿಯಲ್ಲಿದ್ದವರು ನೀವು. ಬಂದು ಹೇಳಿ. ಅಣ್ಣನೇ ಹೇಳಿದ್ದಾದರೆ ಅದನ್ನೇ ಹೇಳಿ, ನಾನು ತಡೆದುಕೊಳ್ಳುತ್ತೇನೆ.

ನಿಮ್ಮ ಅಕ್ಕನ ಮಗಳು

*

ಮೇ 19

ಮಗಳೇ,

ನನ್ನಿಂದ ಆಗುವುದಿಲ್ಲ. ಒಮ್ಮೆ ಸಹಿ ಹಾಕಿದ ಹೇಳಿಕೆ ಬದಲಿಸಿದರೆ ಸುಳ್ಳು ಸಾಕ್ಷಿ ಎಂದು ನನ್ನ ಮೇಲೆಯೇ ಬರುತ್ತದೆ ಎಂದು ವಕೀಲರೊಬ್ಬರು ಹೇಳಿದರು. ಅಂಗಡಿ ಹೋಗುತ್ತದೆ. ನನಗೆ ಈಗ ಐವತ್ತೆಂಟು, ಬೇರೆ ಕಸುಬು ಬರುವುದಿಲ್ಲ. ಈ ವಯಸ್ಸಿನವನ ಅರ್ಜಿಯನ್ನು ಯಾರೂ ಅರ್ಧ ನಿಮಿಷವೂ ನೋಡುವುದಿಲ್ಲ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅಕ್ಕನಿಗೆ ಈ ಕಾಗದ ತೋರಿಸಬೇಡ.

ಮಾವ

*

ಜೂನ್ 8

ಮಾವ,

ಇದು ಬೇಡಿಕೆಯ ಕಾಗದವಲ್ಲ. ನಡೆದದ್ದನ್ನು ತಿಳಿಸುತ್ತಿದ್ದೇನೆ.

ಸೋಮವಾರ ಮಧ್ಯಾಹ್ನ ಮೂರೂಕಾಲಿಗೆ ಕೊಳವೆ ಬರಿದಾಯಿತು. ನೀರೆತ್ತುವ ಪಂಪು ಕೆಟ್ಟಿತ್ತು, ಯಾರಿಗೂ ತಿಳಿದಿರಲಿಲ್ಲ. ಹೊಸಬ ಬೆಂಕಿ ಆರಿಸಿದ. ನೀರು ಬಿಡುವ ಚಕ್ರ ಮುಟ್ಟಲಿಲ್ಲ. ಬಣ್ಣದ ತೊಟ್ಟಿಗಳ ನಡುವೆ ‘ಹೊರಗೆ ಹೋಗಿ’ ಎಂದು ಕೂಗುತ್ತ ಓಡಿದ. ಮೂವತ್ತೆಂಟು ಜನ ಅಂಗಳದಲ್ಲಿ ನಿಂತೆವು. ಕೈಯೆಲ್ಲ ನೀಲಿ ಬಣ್ಣವಾಗಿದ್ದವರು ಹಾಗೇ ಬಂದಿದ್ದರು. ಏನೂ ಸಿಡಿಯಲಿಲ್ಲ. ಬಾಯ್ಲರ್ ತಣ್ಣಗಾಗುವವರೆಗೆ ಕಾಯುತ್ತ ನಿಂತೆವು, ಅಷ್ಟೇ. ನನಗೆ ಮಾತ್ರ ಕಿವಿಯಲ್ಲಿ ಅದು ಸಿಡಿದೇ ಸಿಡಿಯಿತು, ಮತ್ತೆ ಮತ್ತೆ.

ಒಂದು ದಿನದ ಬಟ್ಟೆ ತೊಟ್ಟಿಯಲ್ಲೇ ಹಾಳಾಯಿತು. ಬುಧವಾರ ಹೊಸಬನನ್ನು ಕರೆದು, ಸುಳ್ಳು ಅನುಭವ ತೋರಿಸಿದ್ದಕ್ಕೆ ವಜಾ ಎಂದರು. ಅವನ ಅರ್ಜಿಯನ್ನು ಕಡತದಿಂದ ಹುಡುಕಿ ತಂದುಕೊಡಲು ನನಗೇ ಹೇಳಿದರು. ತಂದುಕೊಟ್ಟೆ. ಅದರ ಜೊತೆ ಇನ್ನೊಂದು ಹಾಳೆಯನ್ನೂ ಇಟ್ಟೆ. ಅನುಭವ ಸುಳ್ಳೆಂದು ಮಾರ್ಚ್ ಒಂದರಂದೇ ಸಾಹೇಬರಿಗೆ ತಿಳಿಸಿದ್ದೆ, ಅವರು ಕೊಟ್ಟ ಉತ್ತರ ಇದು ಎಂದು ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಒಂದು ಪ್ರತಿಯನ್ನು ತಪಾಸಣಾ ಕಚೇರಿಗೂ ಕಳಿಸಿದ್ದೇನೆ. ಸೋಮವಾರದಿಂದ ನನ್ನ ಕೆಲಸವೂ ಇರಲಾರದು.

ಹೊಸಬ ಹೋಗುವಾಗ ಗೇಟಿನಲ್ಲಿ ಸಿಕ್ಕ. ಬೇರೆ ಕಡೆ ಅರ್ಜಿ ಹಾಕಬೇಕು, ಬರೆಸಿಕೊಳ್ಳಲು ಅದೇ ಅಂಗಡಿಗೆ ಹೋಗುತ್ತೇನೆ ಎಂದ. ನಾನು ಹೋಗಬೇಡ ಎನ್ನಲಿಲ್ಲ.

ನಿಮ್ಮ ಅಕ್ಕನ ಮಗಳು

*

ಜೂನ್ 16, ಭಾನುವಾರ

ಮಗಳೇ,

ಮಂಗಳವಾರ ಅವನು ಬಂದ. ಸ್ಟೂಲಿನ ಮೇಲೆ ಕೂತ. ಯಾರು ಎಂದು ನನಗೆ ತಿಳಿಯಲಿಲ್ಲ, ಪರದೆ ನೋಡಿಕೊಂಡೇ ಮಾದರಿ ತೆರೆದೆ. ಅಳಿಸಲು ಶುರು ಮಾಡಿದಾಗ ಅವನು ಬಗ್ಗಿ ನೋಡಿ ಹೇಳಿದ: ‘ಸಾರ್, ಇದು ಆ ಅಕ್ಕನ ಅಣ್ಣನ ಹೆಸರು ಅಲ್ವಾ?’

ನೀನು ಅವನಿಗೆ ಹೆಸರು ಹೇಳಿದ್ದೆ ಎಂದು ನನಗೇನು ಗೊತ್ತು? ನಾಲ್ಕು ವರ್ಷದಲ್ಲಿ ಅಂಗಡಿಯೊಳಗೆ ಆ ಹೆಸರನ್ನು ಬಾಯಿಬಿಟ್ಟು ಓದಿದವನು ಅವನೊಬ್ಬನೇ. ಮೊದಲ ಸಲ ತಿರುಗಿ ಗಿರಾಕಿಯ ಮುಖ ನೋಡಿದೆ. ನಮ್ಮವನ ಹಾಗೆ ಏನೂ ಇಲ್ಲ. ಮೂಗು ಬೇರೆ, ಬಣ್ಣ ಬೇರೆ. ನೀನು ಸುಮ್ಮನೆ ಹೆದರಿಸಿದ್ದೀಯ.

ನಿನಗೆ ನಿಜವಾಗಿ ಏನು ಬರುತ್ತದೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ಹೀಗೆ ಕೇಳಿ ಉತ್ತರಕ್ಕೆ ಕಾದದ್ದು ಇದೇ ಮೊದಲು. ಅವನು ಬೆರಳು ಮಡಿಸುತ್ತ ಒಂದೊಂದಾಗಿ ಹೇಳಿದ. ಬಾಯ್ಲರಿನ ಬಳಿ ಏಳು ವಾರ. ಒಮ್ಮೆ ಸಮಯಕ್ಕೆ ಸರಿಯಾಗಿ ಬೆಂಕಿ ಆರಿಸಿದ್ದೇನೆ. ಪಂಪು ಬಿಚ್ಚಲು ಬರುತ್ತದೆ, ಜೋಡಿಸಲು ಬರುವುದಿಲ್ಲ. ಹಾಗೇ ಬರೆದೆ. ‘ಏಳು ವಾರ. ಮೇಸ್ತ್ರಿಯ ಕೈಕೆಳಗೆ ಕಲಿಯಲು ಸಿದ್ಧ.’ ಅರ್ಧ ಪುಟವೂ ತುಂಬಲಿಲ್ಲ. ಕೇಳಿದ್ದರಲ್ಲಿ ತಿಳಿಯದ್ದು ಇದ್ದರೆ ತಿಳಿಯದು ಎನ್ನು, ತಿಳಿದದ್ದನ್ನು ಮಾತ್ರ ವಿವರವಾಗಿ ಹೇಳು ಎಂದು ಕಳಿಸಿದೆ. ಕೆಲಸ ಸಿಗುತ್ತದೋ ಇಲ್ಲವೋ. ಸಿಕ್ಕರೆ ಸಾಯುವುದಿಲ್ಲ.

ಈಗ ನಿನ್ನ ಪ್ರಶ್ನೆ.

ಅಂದು ಅಂಗಡಿಯಲ್ಲಿ ಮೂವರಿದ್ದೆವು. ಸ್ಟೂಲಿನ ಮೇಲೆ ಕೂತಿದ್ದವನು ನಿನ್ನ ಅಣ್ಣನಲ್ಲ, ಆ ಒಗೆಯುವ ಕಾರ್ಖಾನೆಯ ಮೇಲ್ವಿಚಾರಕ. ಅವನೇ ಆಗಾಗ ಜನರನ್ನು ನನ್ನ ಬಳಿ ಕರೆತರುತ್ತಿದ್ದ. ‘ಬಾಯ್ಲರಿಗೆ ಹಾಕ್ತೀವಿ, ಮೂರು ವರ್ಷ ಅಂತ ಬರೀರಿ, ಕಾಗದಕ್ಕೆ ಅಷ್ಟೇ’ ಎಂದ. ನಿನ್ನ ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಅವನು ಹೇಳಿದ್ದು ಒಂದೇ ಮಾತು: ‘ಮಾವ, ನನಗೆ ಬಾಯ್ಲರ್ ಗೊತ್ತಿಲ್ಲ.’

ನಾನು ಅವನ ಕಡೆ ತಿರುಗದೆ ಹೇಳಿದೆ: ‘ಗೊತ್ತಿಲ್ಲ ಅನ್ನಬೇಡ ಕಣೋ. ಹೋಗಿ ಕಲಿತ್ಕೋ.’

ಅವನು ಸಹಿ ಹಾಕಿದ. ನಾನು ಹೇಳಿದೆ ಎಂದು ಹಾಕಿದ. ಸತ್ತ ಮೂರನೆಯ ದಿನ ಮೇಲ್ವಿಚಾರಕ ಬಂದು, ಇದರಲ್ಲಿ ಸಿಕ್ಕಿಬೀಳುವವನು ನೀನೊಬ್ಬನೇ ಎಂದು ಮೆಲ್ಲಗೆ ಹೇಳಿ ಹೋದ. ನಾನು ನಂಬಿದೆ. ಉಳಿದದ್ದು ವರದಿಯಲ್ಲಿದೆ.

ಮಾದರಿಯನ್ನು ತೆಗೆದುಹಾಕಿದ್ದೇನೆ. ಅಂಗಡಿಯ ಬಾಗಿಲಿಗೆ ‘ಗುರುವಾರ ರಜೆ’ ಎಂದು ಬರೆದು ಅಂಟಿಸಿದೆ. ಎಷ್ಟು ಗುರುವಾರ ಎಂದು ಬರೆಯಲಿಲ್ಲ. ವಕೀಲರು ಬೇಡವೆಂದರು. ಮೇಲ್ವಿಚಾರಕ ಅಲ್ಲಗಳೆಯುತ್ತಾನೆ, ನನ್ನ ಬಾಯಿಮಾತು ಬಿಟ್ಟರೆ ಬೇರೆ ಆಧಾರವಿಲ್ಲ ಎಂದರು. ನನ್ನ ಬಾಯಿಮಾತನ್ನೇ ಕೊಡುತ್ತೇನೆ. ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು, ಆಮೇಲೆ ನನ್ನನ್ನು ಏನು ಮಾಡುತ್ತಾರೋ ಅದೂ.

ಒಂದು ಕೋರಿಕೆ. ಅಧಿಕಾರಿಯ ಮುಂದೆ ಹೇಳುವ ಮೊದಲು ಅಕ್ಕನಿಗೆ ನಾನೇ ಹೇಳಬೇಕು. ಅವಳು ಹೊಡೆದರೆ ನೀನು ಅಡ್ಡ ಬರಬೇಡ.

ತಪಾಸಣಾ ಕಚೇರಿಯಲ್ಲಿ ನಮ್ಮನ್ನು ಕರೆಯುವುದು ಹನ್ನೊಂದಕ್ಕೆ. ಗುರುವಾರ, ಇಪ್ಪತ್ತನೆಯ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ಎರಡನೆಯ ಮಹಡಿಯ ಉದ್ದನೆ ಬೆಂಚಿನ ಹತ್ತಿರ ಇರುತ್ತೇನೆ. ಅಕ್ಕನನ್ನು ಕರೆದುಕೊಂಡು ಬಾ.

ಮಾವ